ಇಂಗ್ಲೆಂಡಿನಲ್ಲಿ ಥೈರಾಯ್ಡ್: ಮಲೆನಾಡಿನಿಂದ ಹೊರಟವರಿಗೆ

ಥೈರಾಯ್ಡ್ ಮಾತ್ರೆ ಹೇಗೆ ತಗೋಬೇಕು ಅಂತ ಶಿವಮೊಗ್ಗದವರಿಗೆ ಹೇಳಿಕೊಡಬೇಕಿಲ್ಲ. ಬೆಳಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ನುಂಗಿ, ಕಾಫಿಗೆ ಅರ್ಧ ಗಂಟೆ ಕಾಯುವವರು ಪ್ರತಿ ಓಣಿಯಲ್ಲೂ ಇದ್ದಾರೆ. ತೊಂದರೆ ಶುರುವಾಗುವುದು ಇಂಗ್ಲೆಂಡಿಗೆ ಹೋದ ಮೇಲೆ. ನಾನು ಅಲ್ಲಿ ಬಹಳ ಕಾಲ ಇದ್ದು ಬಂದವಳು. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆಯಿಂದ ಹೊರಡುವ ಮಕ್ಕಳು ಹೋಗುವ ಮೊದಲು ನಮ್ಮ ಮನೆಗೊಮ್ಮೆ ಬಂದು ಹೋಗುತ್ತಾರೆ. ಆಮೇಲೆ ನಾವು ಎಡವಿದಲ್ಲೇ ಎಡವಿ ಫೋನ್ ಮಾಡುತ್ತಾರೆ.

ಅಲ್ಲಿ ರೋಗದ ಲಕ್ಷಣವೆಲ್ಲ ಊರಿನ ಹವೆಯಲ್ಲಿ ಮುಚ್ಚಿಹೋಗುತ್ತದೆ. ಮೈ ನಡುಗಿದರೆ ಚಳಿ ಅಂತೀವಿ. ಸುಸ್ತಾದರೆ ರಾತ್ರಿ ಪಾಳಿ ಅಂತೀವಿ. ಕೂದಲು ಉದುರಿದರೆ ಗಡಸು ನೀರು, ತೂಕ ಏರಿದರೆ ಬ್ರೆಡ್ಡು ಚೀಸು. ಒಂದೊಂದಕ್ಕೂ ಒಂದು ಕಾರಣ ಸಿಕ್ಕಿಬಿಡುತ್ತದೆ, ಅಲ್ವಾ? ಒಂದೇ ರೂಮಿನಲ್ಲಿ ಉಳಿದವರು ಟೀ ಶರ್ಟಿನಲ್ಲಿದ್ದು, ನಿಮಗೆ ಮಾತ್ರ ಎರಡು ಸ್ವೆಟರ್ ಬೇಕಾದರೆ ಅದು ಹವೆಯಲ್ಲ. ಜೊತೆಗೆ ಮಲಬದ್ಧತೆ, ಒಣ ಚರ್ಮ, ಮುಟ್ಟಿನಲ್ಲಿ ಜಾಸ್ತಿ ರಕ್ತಸ್ರಾವ, ಬೆಳಗ್ಗೆ ಊದಿದ ಮುಖ, ಒರಟಾದ ದನಿ ಇದ್ದರೆ ರಕ್ತಪರೀಕ್ಷೆ ಕೇಳಿ. ಇವೆಲ್ಲ ಥೈರಾಯ್ಡ್ ಕಡಿಮೆಯಾದಾಗಿನ ಲಕ್ಷಣ. ಇದರ ಉಲ್ಟಾ, ಥೈರಾಯ್ಡ್ ಜಾಸ್ತಿಯಾಗುವುದು ಕೂಡ ಇದೆ. ಚೆನ್ನಾಗಿ ಉಂಡರೂ ಇಳಿಯುವ ತೂಕ, ಎದೆ ಬಡಿತ, ಕೈ ನಡುಕ, ಬೆವರು, ನಿದ್ದೆ ಇಲ್ಲದಿರುವುದು. ಇದನ್ನು ಪರೀಕ್ಷೆಯ ಟೆನ್ಷನ್ ಅಂತ ತಳ್ಳಿಹಾಕಬೇಡಿ. ಕತ್ತಿನಲ್ಲಿ ಗಂಟು ಕಂಡರಂತೂ ತಡಮಾಡದೆ ತೋರಿಸಿ.

ಅಲ್ಲಿ ಮೊದಲು ನೋಡುವವರು ನಿಮ್ಮ ಏರಿಯಾದ ಜಿಪಿ, ಅಂದರೆ ಎಲ್ಲ ಕಾಯಿಲೆಗೂ ಮೊದಲು ನೋಡುವ ಸಾಮಾನ್ಯ ಡಾಕ್ಟರು. ಸಿಗುವುದು ಸುಮಾರು 10 ನಿಮಿಷ. ಸಾಗರದ ಹುಡುಗಿಯೊಬ್ಬಳು ಹೋಗಿ "ಸ್ವಲ್ಪ ಸುಸ್ತು" ಅಂದಳು. ವಿಟಮಿನ್ ಡಿ ತಗೊಳ್ಳಿ ಅಂತ ಕಳಿಸಿದರು. ಎರಡನೇ ಸಲ ಚೀಟಿಯಲ್ಲಿ ಬರೆದುಕೊಂಡು ಹೋದಳು: ಯಾವ ತಿಂಗಳಿಂದ ಏನಾಗುತ್ತಿದೆ, ಎಷ್ಟು ಕಿಲೋ ಏರಿದೆ, ಅಮ್ಮನಿಗೆ ಥೈರಾಯ್ಡ್ ಇದೆ. ಆಗ ರಕ್ತಪರೀಕ್ಷೆಗೆ ಬರೆದುಕೊಟ್ಟರು. ನಮ್ಮ ಕಡೆಯ "ಪರವಾಗಿಲ್ಲ, ಹಾಗೇ ಇದೆ" ಅನ್ನುವ ಸಂಕೋಚ ಅಲ್ಲಿ ನಡೆಯುವುದಿಲ್ಲ.

ಇಲ್ಲಾದರೆ ಬೆಳಗ್ಗೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ ರಕ್ತ ಕೊಟ್ಟರೆ ಸಂಜೆಗೆ ರಿಪೋರ್ಟು ಕೈಗೆ. ಬೇಗ ಪತ್ತೆಹಚ್ಚುವುದರಲ್ಲಿ ನಮ್ಮೂರೇ ಮೇಲು. ಆದರೆ ಥೈರಾಯ್ಡ್ ಕಡಿಮೆಯಾದರೆ ರಕ್ತದಲ್ಲಿ ಏರುವ ಹಾರ್ಮೋನ್ ಆದ ಟಿಎಸ್‌ಎಚ್ ಸ್ವಲ್ಪ ಏರಿದ್ದು 10ರೊಳಗೇ ಇದ್ದರೆ ಅಲ್ಲಿ ಸಾಮಾನ್ಯವಾಗಿ 3 ತಿಂಗಳು ಬಿಟ್ಟು ಮತ್ತೆ ನೋಡುತ್ತಾರೆ. ಎಷ್ಟೋ ಜನರಿಗೆ ಅದು ತಾನಾಗಿಯೇ ಇಳಿಯುತ್ತದೆ. ಆ ತಾಳ್ಮೆ ನನಗೆ ಸರಿ ಅನ್ನಿಸುತ್ತದೆ. ಬಸುರಿಯರು, ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮಾತ್ರ ಕಾಯಬಾರದು. ಮೊದಲ ದಿನವೇ ಹೇಳಿ.

ಈಗ ದುಡ್ಡು ಕಳೆಯುವ ವಿಷಯ. ಇಂಗ್ಲೆಂಡಿನಲ್ಲಿ ಪ್ರತಿ ಔಷಧಿಗೆ 9.90 ಪೌಂಡ್. ಥೈರಾಯ್ಡ್ ಕಡಿಮೆ ಇದ್ದು ಹಾರ್ಮೋನ್ ಮಾತ್ರೆ ತಗೊಳ್ಳುವವರಿಗೆ ಇದು ಮಾಫಿ. ಥೈರಾಯ್ಡ್ ಮಾತ್ರೆ ಮಾತ್ರ ಅಲ್ಲ, ಜಿಪಿ ಬರೆದುಕೊಡುವ ಔಷಧಿಗಳೆಲ್ಲಾ ಮಾಫಿ. ಆದರೆ ಕಾಯಿಲೆ ಇದ್ದರೆ ಸಾಲದು, ಮಾಫಿಯ ಸರ್ಟಿಫಿಕೇಟ್ ಕೈಯಲ್ಲಿರಬೇಕು. ಹೊಸನಗರದ ಹುಡುಗನಿಗೆ ಗೆಳೆಯರು "ಥೈರಾಯ್ಡ್‌ನವರಿಗೆ ಫ್ರೀ ಕಣೋ" ಅಂದಿದ್ದರು. ಅಂಗಡಿಯಲ್ಲಿ ದುಡ್ಡು ಕೊಡಬೇಕಾ ಅಂತ ಕೇಳಿದಾಗ ಇಲ್ಲ ಅಂದು ಸಹಿ ಹಾಕಿ ಬಂದ. ಕೆಲವು ತಿಂಗಳ ಮೇಲೆ ದಂಡದ ಪತ್ರ ಬಂತು. ಔಷಧಿಯ ದುಡ್ಡು, ಅದರ ಮೇಲೆ ಅದರ ಐದು ಪಟ್ಟು, ಒಟ್ಟು 59.40 ಪೌಂಡ್. ಪತ್ರವನ್ನು ಸುಮ್ನೆ ಮೇಜಿನ ಮೇಲಿಟ್ಟರೆ ಇನ್ನೂ ಏರುತ್ತದೆ.

ಮಾತ್ರೆ ಬರೆದುಕೊಟ್ಟ ದಿನವೇ ಜಿಪಿಯ ರಿಸೆಪ್ಷನ್‌ನಲ್ಲಿ ಎಫ್‌ಪಿ 92ಎ ಅನ್ನುವ, ಆ ಸರ್ಟಿಫಿಕೇಟಿನ ಅರ್ಜಿ ಕೇಳಿ. ತಾವಾಗಿ ಯಾರೂ ಕೊಡುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಬರುವವರೆಗೆ ದುಡ್ಡು ಕೊಡಿ, ಆದರೆ ಕೊಡುವಾಗಲೇ ಎಫ್‌ಪಿ 57 ರಸೀದಿ ಕೇಳಿ ಪಡೆಯಿರಿ. ಆಮೇಲೆ ಕೇಳಿದರೆ ಸಿಗುವುದಿಲ್ಲ, ಅದಿಲ್ಲದೆ ದುಡ್ಡು ವಾಪಸ್ ಬರುವುದೂ ಇಲ್ಲ. ಅರ್ಜಿ ತಲುಪುವುದಕ್ಕೆ ಒಂದು ತಿಂಗಳ ಹಿಂದಿನಿಂದ ಮಾಫಿ ಲೆಕ್ಕಕ್ಕೆ ಬರುತ್ತದೆ. 5 ವರ್ಷಕ್ಕೆ ಸರ್ಟಿಫಿಕೇಟ್ ಮುಗಿಯುತ್ತದೆ. ಮನೆ ಬದಲಿಸಿದಾಗ ವಿಳಾಸ ತಿದ್ದಿಸದಿದ್ದರೆ ನೆನಪಿನ ಪತ್ರ ಹಳೇ ಮನೆಗೆ ಹೋಗಿ, ಮತ್ತೆ ಅದೇ ದಂಡ. ಥೈರಾಯ್ಡ್ ಜಾಸ್ತಿ ಇದ್ದು ಬರೀ ಅದನ್ನು ತಗ್ಗಿಸುವ ಕಾರ್ಬಿಮಜೋಲ್ ಮಾತ್ರೆ ತಗೊಳ್ಳುವವರಿಗೆ ಈ ಮಾಫಿ ಇಲ್ಲ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಎಲ್ಲರಿಗೂ ಔಷಧಿ ಉಚಿತ, ಈ ತಲೆನೋವೇ ಇಲ್ಲ. ನನ್ನ ಪ್ರಕಾರ ಅದೇ ಸರಿಯಾದ ಪದ್ಧತಿ.

ಹೊರಡುವ ಮೊದಲು ಇಲ್ಲಿನ ಡಾಕ್ಟರ ಪತ್ರ, ಕೊನೆಯ ರಿಪೋರ್ಟು ಇಟ್ಟುಕೊಳ್ಳಿ. ನಮ್ಮಲ್ಲಿ 62.5, 88 ಮೈಕ್ರೋಗ್ರಾಂ ಮಾತ್ರೆ ಸಿಗುತ್ತದೆ. ಅಲ್ಲಿ ಹೆಚ್ಚಾಗಿ ಕೊಡುವುದು 25, 50, 100ರದ್ದು. ಡೋಸ್ ಬದಲಾದರೆ ಮತ್ತೆ ರಕ್ತಪರೀಕ್ಷೆ ಯಾವಾಗ ಅಂತ ಆಗಲೇ ಕೇಳಿ. ಇನ್ನೊಂದು, ಅಲ್ಲಿನ ಉಪ್ಪಿನಲ್ಲಿ ಬಹುಪಾಲು, ಥೈರಾಯ್ಡ್‌ಗೆ ಬೇಕಾದ ಅಯೋಡಿನ್ ಇರುವುದಿಲ್ಲ. ಅಯೋಡಿನ್ ಸಿಗುವುದು ಹಾಲು, ಮೊಸರು, ಮೀನಿನಿಂದ. ಮೀನು ತಿನ್ನದವರು ಹಸುವಿನ ಹಾಲು ಬಿಟ್ಟು ಓಟ್ಸ್ ಹಾಲಿಗೆ ಹೋಗುವುದಾದರೆ, ಡಬ್ಬಿಯ ಮೇಲೆ ಅಯೋಡಿನ್ ಸೇರಿಸಿದ್ದಾರಾ ಅಂತ ಓದಿ ಕೊಳ್ಳಿ.