ಕ್ಯಾಲೆಂಡರ್ ಐವಿಎಫ್ ಡಾಕ್ಟರದ್ದು, ಸೂಜಿ ಮಾತ್ರ ನನ್ನದು

ನಾನು ಚೀನೀ ಪದ್ಧತಿಯ ಅಕ್ಯುಪಂಕ್ಚರ್ ಮಾಡುವವಳು. ನನ್ನ ಹತ್ತಿರ ಬರುವವರಲ್ಲಿ ಐವಿಎಫ್, ಅಂದರೆ ಅಂಡಾಣು ಹೊರತೆಗೆದು ಲ್ಯಾಬ್‌ನಲ್ಲಿ ಭ್ರೂಣ ಮಾಡಿ ಗರ್ಭಕೋಶಕ್ಕೆ ಬಿಡುವ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿರುವ ಹೆಂಗಸರೇ ಜಾಸ್ತಿ. ಎಲ್ಲರದ್ದೂ ಮೊದಲ ಪ್ರಶ್ನೆ ಒಂದೇ: "ಸೂಜಿ ಹಾಕಿಸಿಕೊಂಡರೆ ಮಗು ಆಗುತ್ತಾ?" ಆ ಭರವಸೆ ಕೊಡೋಕೆ ನನ್ನ ಕೈಲಿ ಆಗಲ್ಲ ಅಂತ ಅಲ್ಲೇ ಹೇಳಿಬಿಡುತ್ತೇನೆ. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ. ಉಳಿದವರ ಜೊತೆ ಕೆಲಸ ಸಲೀಸಾಗಿ ನಡೆಯುತ್ತದೆ.

ಈ ಆಸೆ ಎಲ್ಲಿಂದ ಹುಟ್ಟಿತು ಅನ್ನೋದು ನನಗೆ ಗೊತ್ತು. 2002ರಲ್ಲಿ ಜರ್ಮನಿಯ ವೋಲ್ಫ್‌ಗಾಂಗ್ ಪೌಲಸ್ ತಂಡ 160 ಹೆಂಗಸರ ಮೇಲೆ ಒಂದು ಅಧ್ಯಯನ ಮಾಡಿತು. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಮೊದಲು 25 ನಿಮಿಷ, ಬಿಟ್ಟ ಮೇಲೆ 25 ನಿಮಿಷ ಸೂಜಿ. ಸೂಜಿ ಹಾಕಿಸಿಕೊಂಡವರಲ್ಲಿ ಶೇ. 42.5 ಮಂದಿಗೆ ಗರ್ಭ ನಿಂತಿತು, ಸುಮ್ನೆ ಮಲಗಿದ್ದವರಲ್ಲಿ ಶೇ. 26.3 ಮಂದಿಗೆ. ಈ ಎರಡು ಅಂಕಿ ಇಟ್ಟುಕೊಂಡೇ ಎಷ್ಟೋ ಕಡೆ ಬೋರ್ಡು ಎದ್ದವು. ಆದರೆ ಅಲ್ಲಿ ಹೋಲಿಸಿ ನೋಡೋಕೆ ಸುಳ್ಳು ಸೂಜಿಯ, ಅಂದರೆ ಹಾಕಿದ ಹಾಗೆ ನಟಿಸುವ ಸೂಜಿಯ, ಗುಂಪು ಇರಲಿಲ್ಲ. ತನಗೆ ಏನೋ ವಿಶೇಷ ಚಿಕಿತ್ಸೆ ಸಿಗುತ್ತಿದೆ ಅನ್ನುವ ನಂಬಿಕೆಯ ಪಾಲು ಎಷ್ಟು, ಸೂಜಿಯ ಪಾಲು ಎಷ್ಟು ಅಂತ ಬೇರೆ ಮಾಡಿ ನೋಡೋ ಹಾಗಿರಲಿಲ್ಲ.

2018ರಲ್ಲಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನಲ್ಲಿ ಕ್ಯಾರೊಲಿನ್ ಸ್ಮಿತ್ ತಂಡ 848 ಹೆಂಗಸರ ಮೇಲೆ ಇದನ್ನೇ ಬಿಗಿಯಾಗಿ ಪರೀಕ್ಷಿಸಿತು. ಒಂದು ಗುಂಪಿಗೆ ನಿಜ ಸೂಜಿ, ಇನ್ನೊಂದಕ್ಕೆ ಚರ್ಮದೊಳಗೆ ಇಳಿಯದ ಸುಳ್ಳು ಸೂಜಿ. ಮಗು ಹುಟ್ಟಿದ್ದು ಮೊದಲ ಗುಂಪಿನಲ್ಲಿ ಶೇ. 18.3, ಎರಡನೆಯದರಲ್ಲಿ ಶೇ. 17.8. ಅಂದರೆ ವ್ಯತ್ಯಾಸ ಇಲ್ಲ. ಅದಕ್ಕೆ ಒಂದು ವರ್ಷ ಮೊದಲು ಚೀನಾದಲ್ಲೇ, ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ) ಇರುವ 1,000 ಹೆಂಗಸರ ಮೇಲೆ ಇನ್ನೊಂದು ಅಧ್ಯಯನ ಆಗಿತ್ತು. ಅಂಡಾಣು ಬಿಡುಗಡೆ ಮಾಡಿಸುವ ಕ್ಲೋಮಿಫೀನ್ ಮಾತ್ರೆಯಿಂದ ಮಕ್ಕಳಾಗುವುದು ಹೆಚ್ಚಿತು, ಸೂಜಿಯಿಂದ ಹೆಚ್ಚಲಿಲ್ಲ. ಈ ಫಲಿತಾಂಶಗಳನ್ನು ಕೇಳಿದವರಿಗೆಲ್ಲ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ.

ಮತ್ಯಾಕೆ ಮಾಡುತ್ತೀರಿ ಅಂತೀರಾ? ಐವಿಎಫ್ ಅಂದರೆ ದಿನಾ ಇಂಜೆಕ್ಷನ್, ದಿನ ಬಿಟ್ಟು ದಿನ ಸ್ಕ್ಯಾನ್, ರಾತ್ರಿಯೆಲ್ಲ ಫಾಲಿಕಲ್ (ಅಂಡಾಣು ಬೆಳೆಯುವ ಚೀಲ) ಎಷ್ಟು ಬೆಳೆಯಿತೋ ಅನ್ನುವ ಲೆಕ್ಕ. ನಿದ್ದೆ ಇರಲ್ಲ. ಕತ್ತು, ಭುಜ ಕಲ್ಲಿನ ಹಾಗೆ ಬಿಗಿದಿರುತ್ತವೆ. ಔಷಧದಿಂದ ತಲೆನೋವು ಬೇರೆ. ಇಂಥವರು ಫೋನ್ ಬದಿಗಿಟ್ಟು ಅರ್ಧ ಗಂಟೆ ಕಣ್ಣು ಮುಚ್ಚಿ ಮಲಗುತ್ತಾರೆ. ಎಷ್ಟೋ ಜನ ಸೂಜಿ ಇದ್ದ ಹಾಗೇ ಗೊರಕೆ ಹೊಡೆಯುತ್ತಾರೆ. ಆ ರಾತ್ರಿ ಸ್ವಲ್ಪ ಚೆನ್ನಾಗಿ ನಿದ್ದೆ ಬಂತು ಅನ್ನುತ್ತಾರೆ. ಅದರಲ್ಲಿ ಸೂಜಿಯದ್ದೆಷ್ಟು, ಮಲಗಿದ್ದರದ್ದೆಷ್ಟು ಅಂತ ಕೇಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ. ನನ್ನ ಚಿಕಿತ್ಸೆಯ ಗುರಿ ಅಷ್ಟೇ: ಐವಿಎಫ್ ಅನ್ನು ತಡೆದುಕೊಳ್ಳುವ ಶಕ್ತಿ.

ನಾನು ಕಲಿತ ಶಾಸ್ತ್ರ ಮುಟ್ಟಿನ ಚಕ್ರವನ್ನು ನಾಲ್ಕು ಹಂತ ಮಾಡುತ್ತದೆ. ಮುಟ್ಟಿನ ದಿನಗಳಲ್ಲಿ ರಕ್ತ ಸರಾಗವಾಗಿ ಹರಿಯಬೇಕು. ಆಮೇಲೆ ಯಿನ್, ಅಂದರೆ ತಂಪಿನ, ಪೋಷಣೆಯ ಶಕ್ತಿ, ತುಂಬಬೇಕು. ಅಂಡಾಣು ಬಿಡುಗಡೆಯ ಹೊತ್ತಿಗೆ ಚಿ, ಅಂದರೆ ದೇಹದಲ್ಲಿ ಹರಿಯುವ ಜೀವಶಕ್ತಿ, ಚಲಿಸಬೇಕು. ಕೊನೆಗೆ ಯಾಂಗ್, ಅಂದರೆ ಬಿಸಿಯ ಶಕ್ತಿ, ಬೆಚ್ಚಗಿರಬೇಕು. ಒಂದೊಂದು ಹಂತಕ್ಕೂ ಸೂಜಿ ಹಾಕುವ ಬಿಂದು ಬೇರೆ ಬೇರೆ. ಸಂತಾನದ ಬೇರು ಇರುವುದು ಕಿಡ್ನಿಯಲ್ಲಿ ಅನ್ನುತ್ತದೆ ಆ ಶಾಸ್ತ್ರ. ಲ್ಯಾಬ್ ರಿಪೋರ್ಟಿನ ಕಿಡ್ನಿಗೂ ಇದಕ್ಕೂ ಸಂಬಂಧ ಇಲ್ಲ. "ನನ್ನ ಕ್ರಿಯಾಟಿನಿನ್ (ಕಿಡ್ನಿಯ ರಕ್ತಪರೀಕ್ಷೆ) ನಾರ್ಮಲ್ ಇದೆಯಲ್ಲ ಮೇಡಂ" ಅಂತ ಗಾಬರಿಯಾದವರನ್ನು ನೋಡಿದ ಮೇಲೆ ನಾನು ರೋಗಿಗಳ ಮುಂದೆ ಕಿಡ್ನಿ ಅನ್ನುವ ಮಾತೇ ಎತ್ತುವುದಿಲ್ಲ. ಹೆಣ್ಣಿನ ದೇಹ ಏಳೇಳು ವರ್ಷಕ್ಕೊಮ್ಮೆ ಬದಲಾಗುತ್ತದೆ, 14ಕ್ಕೆ ಮುಟ್ಟು ಶುರು, 35ಕ್ಕೆ ಇಳಿಮುಖ, 49ಕ್ಕೆ ಮುಕ್ತಾಯ ಅಂತ ಹುವಾಂಗ್‌ದಿ ನೈಜಿಂಗ್ ಎಂಬ ಹಳೇ ಗ್ರಂಥ ಹೇಳುತ್ತದೆ. ಆ 35ರ ಮಾತನ್ನು ಇವತ್ತಿನ ಫರ್ಟಿಲಿಟಿ ಡಾಕ್ಟರುಗಳೂ ಬೇರೆ ಕಾರಣ ಕೊಟ್ಟು ಹೇಳುತ್ತಾರೆ, ಅಲ್ವಾ?

ಆದರೆ ಐವಿಎಫ್ ಸೈಕಲ್‌ನಲ್ಲಿ, ಅಂದರೆ ಆ ಚಿಕಿತ್ಸೆಯ ಒಂದು ಸುತ್ತಿನಲ್ಲಿ, ಈ ನಾಲ್ಕು ಹಂತ ನಡೆಯುವುದಿಲ್ಲ. ದೇಹದ ಸ್ವಂತ ಹಾರ್ಮೋನ್ ತಾಳವನ್ನೇ ಔಷಧ ಹಿಡಿದು ನಿಲ್ಲಿಸಿರುತ್ತದೆ. ಒಂದು ಅಂಡಾಣು ಬೆಳೆಯುವ ಕಡೆ ಹತ್ತು ಬೆಳೆಯುತ್ತಿರುತ್ತವೆ. ಅವು ತಾವಾಗಿ ಬಿಡುಗಡೆ ಆಗಬಾರದು ಅಂತಲೇ ಇನ್ನೊಂದು ಇಂಜೆಕ್ಷನ್. ಅಲ್ಲಿ ಹೋಗಿ ನಾನು "ಇದು ಚಿ ಚಲಿಸುವ ಹಂತ" ಅಂತ ಕೂತರೆ ಅರ್ಥ ಇಲ್ಲ. ಅದಕ್ಕೇ ನಾನು ಮೊದಲ ದಿನ ಕೇಳುವುದು ಆಸ್ಪತ್ರೆಯವರು ಕೊಟ್ಟ ಚೀಟಿ. ಯಾವ ಔಷಧ, ಯಾವತ್ತಿನಿಂದ, ಮುಂದಿನ ಸ್ಕ್ಯಾನ್ ಯಾವಾಗ. ಅದರ ಸುತ್ತ ನನ್ನ ದಿನಗಳನ್ನು ಹೊಂದಿಸುತ್ತೇನೆ. ನಾಲಿಗೆ ನೋಡುತ್ತೇನೆ, ಮೂರು ಬೆರಳಿಟ್ಟು ಎರಡೂ ಕೈಯ ನಾಡಿ ನೋಡುತ್ತೇನೆ. ಎರಡೂ ಆ ಹೆಂಗಸು ಎಷ್ಟು ದಣಿದಿದ್ದಾಳೆ ಅಂತ ತಿಳಿಯಲು ನನಗೆ ನೆರವಾಗುತ್ತವೆ. ಗರ್ಭ ನಿಂತೀತೋ ಇಲ್ಲವೋ ಅಂತ ನಾಡಿ ನೋಡಿ ಹೇಳುವವರಿಂದ ದೂರ ಇರಿ.

ಸಮಯ ಇದ್ದರೆ ಸೈಕಲ್‌ಗೆ ಎರಡು ಮೂರು ತಿಂಗಳು ಮೊದಲೇ, ವಾರಕ್ಕೊಮ್ಮೆ ಶುರು ಮಾಡುತ್ತೇನೆ. ಅಂಡಾಣು ಕೊನೆಯ ಬೆಳವಣಿಗೆಗೆ ತೆಗೆದುಕೊಳ್ಳುವುದು ಸುಮಾರು ಮೂರು ತಿಂಗಳು, ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳಷ್ಟು. ಸೂಜಿಗಿಂತ ಈ ತಿಂಗಳುಗಳಲ್ಲಿ ಸಿಗರೇಟು ಬಿಡುವುದು, ತೂಕ, ನಿದ್ದೆ ಸರಿ ಮಾಡಿಕೊಳ್ಳುವುದು ಮುಖ್ಯ. ಗಂಡಂದಿರಿಗೆ ಇದನ್ನು ಒತ್ತಿ ಹೇಳಬೇಕಾಗುತ್ತದೆ, ಯಾಕೆಂದರೆ ಚಿಕಿತ್ಸೆ ಹೆಂಡತಿಗೆ ಮಾತ್ರ ಅಂದುಕೊಂಡೇ ಬಂದಿರುತ್ತಾರೆ.

ಇಂಜೆಕ್ಷನ್ ಶುರುವಾದ ಮೇಲೆ ನಾನು ಹೊಟ್ಟೆಗೆ ಸೂಜಿ ಹಾಕುವುದಿಲ್ಲ. ಹೊಕ್ಕುಳ ಸುತ್ತ ಆಗಲೇ ನೀಲಿ ಕಲೆಗಳು ಎದ್ದಿರುತ್ತವೆ. ಒಳಗೆ ಅಂಡಾಶಯ ಊದಿರುತ್ತದೆ. ಕೈ, ಕಾಲು, ನೆತ್ತಿ, ಕಿವಿ ಇಷ್ಟೇ ಸಾಕು. ಮಣಿಕಟ್ಟಿನ ಗೆರೆಯಿಂದ ಮೂರು ಬೆರಳು ಮೇಲೆ, ಎರಡು ಸ್ನಾಯುರಜ್ಜುಗಳ ನಡುವೆ ಇರುವ ಪೆರಿಕಾರ್ಡಿಯಂ 6 ನನ್ನ ಮೆಚ್ಚಿನ ಬಿಂದು. ಹೊಟ್ಟೆ ತೊಳಸುವುದಕ್ಕೂ ಅದನ್ನೇ ಬಳಸುತ್ತಾರೆ. ಮೊಣಕಾಲ ಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಳೆದು, ಎಲುಬಿನಿಂದ ಒಂದು ಬೆರಳು ಹೊರಗೆ ಸರಿದರೆ ಸ್ಟಮಕ್ 36. ಬೆರಳು ಅಂದರೆ ರೋಗಿಯ ಬೆರಳು, ನನ್ನದಲ್ಲ. ಸೂಜಿ ಕೂದಲಿಗಿಂತ ಸ್ವಲ್ಪ ದಪ್ಪ, ಒಮ್ಮೆ ಬಳಸಿ ಬಿಸಾಡುವುದು. ಪ್ಯಾಕೆಟ್ ಅವರ ಕಣ್ಣೆದುರೇ ಹರಿಯುತ್ತೇನೆ. ಚಿಕ್ಕ ಕೊಳವೆಯೊಳಗಿಟ್ಟು ಮೇಲಿಂದ ತಟ್ಟಿದರೆ ಸೊಳ್ಳೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ. ಆಮೇಲೆ ನಿಧಾನ ತಿರುಗಿಸಿದಾಗ ಒಂದು ಥರ ಭಾರ, ಜೋಮು ಹಿಡಿದ ಹಾಗೆ. ಚುಚ್ಚುವ ನೋವು ಬಂದರೆ ತಕ್ಷಣ ತೆಗೆಯುತ್ತೇನೆ. ನೋವು ಸಹಿಸಿಕೊಂಡು ಮಲಗುವ ಚಿಕಿತ್ಸೆ ಇದಲ್ಲ, ಅದನ್ನು ಅವರು ಆಗಲೇ ಬೇಕಾದಷ್ಟು ಅನುಭವಿಸಿದ್ದಾರೆ.

ಈ ದಿನಗಳಲ್ಲಿ ನಾನು ಕಣ್ಣಿಟ್ಟಿರುವ ವಿಷಯ ಇನ್ನೊಂದಿದೆ. ಹೊಟ್ಟೆ ದಿಢೀರ್ ಉಬ್ಬುವುದು, ಒಂದೆರಡು ದಿನದಲ್ಲೇ ತೂಕ ಏರುವುದು, ಮೂತ್ರ ಕಮ್ಮಿಯಾಗುವುದು, ಉಸಿರಾಡಲು ಕಷ್ಟ. ಇವು ಅಂಡಾಶಯ ಅತಿಯಾಗಿ ಪ್ರತಿಕ್ರಿಯಿಸಿದ ಲಕ್ಷಣ. ಅಂಡಾಣುಗಳನ್ನು ಕೊನೆಗೆ ಪಕ್ವ ಮಾಡುವ ಟ್ರಿಗರ್ ಇಂಜೆಕ್ಷನ್ ಆದ ಮೇಲೆ ಇದರ ಭಯ ಹೆಚ್ಚು. ಹಾಗೆ ಕಂಡರೆ ಸೂಜಿ ಡಬ್ಬಿ ತೆರೆಯುವುದೇ ಇಲ್ಲ. ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿಸಿ ಕಳಿಸುತ್ತೇನೆ.

ಅಂಡಾಣು ಹೊರತೆಗೆಯುವ ಎಗ್ ಪಿಕಪ್ ದಿನ ನನಗೆ ಕೆಲಸ ಇಲ್ಲ. ಭ್ರೂಣವನ್ನು ಗರ್ಭಕೋಶಕ್ಕೆ ಬಿಡುವ ಟ್ರಾನ್ಸ್‌ಫರ್ ದಿನಕ್ಕೆ ಮಾತ್ರ ಎಲ್ಲರೂ ಅಪಾಯಿಂಟ್‌ಮೆಂಟ್ ಕೇಳುತ್ತಾರೆ. ಜರ್ಮನಿಯ ಆ 25 ನಿಮಿಷ ಇನ್ನೂ ಬಿಟ್ಟಿಲ್ಲ! ಆಸ್ಪತ್ರೆ ಹತ್ತಿರ ಇದ್ದು, ಓಡಾಟ ಆಗಿಬರುವುದಾದರೆ ಸರಿ. ಎರಡು ಗಂಟೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ನನ್ನ ಹತ್ತಿರ ಓಡಿಬಂದು, ಮತ್ತೆ ಅಲ್ಲಿಗೆ ಓಡುವುದಾದರೆ ಬೇಡವೇ ಬೇಡ. ಮನೆಯಲ್ಲಿ ಆರಾಮಾಗಿ ಇರಿ ಅನ್ನುತ್ತೇನೆ. ಟ್ರಾನ್ಸ್‌ಫರ್ ಆದ ಮೇಲೆ ಬಂದವರು ಟೇಬಲ್ ಮೇಲೆ ಉಸಿರು ಬಿಗಿಹಿಡಿದು ಮಲಗಿರುತ್ತಾರೆ. ಕೆಮ್ಮಿದರೆ ಜಾರುತ್ತಾ, ಮೆಟ್ಟಿಲು ಹತ್ತಿದರೆ ಬೀಳುತ್ತಾ ಅನ್ನುವ ಹೆದರಿಕೆ. ಭ್ರೂಣ ಹಾಗೆಲ್ಲ ಬೀಳುವುದಿಲ್ಲ. ಹಾಸಿಗೆ ಹಿಡಿದು ಮಲಗಿದರೆ ಲಾಭ ಇಲ್ಲ ಅನ್ನುವುದನ್ನು ಅಧ್ಯಯನಗಳೂ ತೋರಿಸಿವೆ. ಇಷ್ಟು ಹೇಳಿದ ಮೇಲೆ ಅವರ ಭುಜ ಇಳಿಯುವುದು ಕಾಣುತ್ತದೆ. ಅವತ್ತು ಸೂಜಿಗಿಂತ ಆ ಮಾತೇ ಜಾಸ್ತಿ ಕೆಲಸ ಮಾಡುತ್ತದೆ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಟ್ರಾನ್ಸ್‌ಫರ್ ನಂತರ ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಬಿಂದು, ಒಳಗಾಲ ಗಂಟಿನ ಮೇಲಿನ ಸ್ಪ್ಲೀನ್ 6, ಎರಡನ್ನೂ ಬಿಟ್ಟುಬಿಡುತ್ತೇನೆ. ಬಸುರಿಯರಿಗೆ ಅವು ಕೂಡದು ಅನ್ನುವುದು ಹಳೇ ನಿಯಮ. ತಮಾಷೆ ಏನೆಂದರೆ ಪೌಲಸ್ ತಂಡ ಟ್ರಾನ್ಸ್‌ಫರ್ ಆದ ಮೇಲೆ ಹಾಕಿದ ಬಿಂದುಗಳಲ್ಲಿ ಇವೆರಡೂ ಇದ್ದವು. ಆದರೂ ನಾನು ಹಾಕುವುದಿಲ್ಲ. ರಿಸಲ್ಟ್ ನೆಗೆಟಿವ್ ಬಂದರೆ ಆ ಸೂಜಿಯಿಂದಲೇ ಹೀಗಾಯ್ತೇನೋ ಅಂತ ಆ ಹೆಂಗಸು ಕೊರಗುವುದು ಬೇಡ. ಮಾಚಿಪತ್ರೆ ಜಾತಿಯ ಸೊಪ್ಪು ಸುಟ್ಟು ಶಾಖ ಕೊಡುವ ಮೋಕ್ಸಾ ಕೂಡ ಈ ಹಂತದಲ್ಲಿ ಹೊಟ್ಟೆಯ ಹತ್ತಿರ ಇಲ್ಲ.

ಇನ್ನು ಗಿಡಮೂಲಿಕೆ. ಇಲ್ಲಿ ನಾನು ನನ್ನ ಜೊತೆಯವರ ಹತ್ತಿರವೇ ಜಗಳ ಆಡಿದ್ದೇನೆ. ಐವಿಎಫ್ ಔಷಧ ಶುರುವಾದ ದಿನದಿಂದ ನನ್ನ ಕಡೆಯಿಂದ ಯಾವ ಕಷಾಯವೂ ಇಲ್ಲ, ಮಾತ್ರೆಯೂ ಇಲ್ಲ. ಹೆಂಗಸರಿಗೆ ಚೀನೀ ವೈದ್ಯರು ತುಂಬಾ ಕೊಡುವ ಬೇರು ದಾಂಗ್ ಗುಯಿ. ಅದು ವಾರ್‌ಫರಿನ್ ಥರದ ರಕ್ತ ತೆಳು ಮಾಡುವ ಔಷಧದ ಪರಿಣಾಮ ಹೆಚ್ಚಿಸಬಲ್ಲದು. ಐವಿಎಫ್‌ನಲ್ಲಿ ಎಷ್ಟೋ ಜನಕ್ಕೆ ರಕ್ತ ತೆಳು ಮಾಡುವ ಆಸ್ಪಿರಿನ್, ಹೆಪಾರಿನ್ ಕೊಟ್ಟಿರುತ್ತಾರೆ, ಎಗ್ ಪಿಕಪ್‌ನಲ್ಲಿ ಅಂಡಾಶಯಕ್ಕೇ ಸೂಜಿ ಚುಚ್ಚುತ್ತಾರೆ. ಇಂಥ ಕಡೆ ನಾನು ಬೇರು ಕುದಿಸಿ ಕೊಡಲಾ? ಲೇ ಗಾಂಗ್ ಟೆಂಗ್ ಅನ್ನುವ ಬಳ್ಳಿಯನ್ನು ಕೀಲುವಾತಕ್ಕೆ ಕೊಡುತ್ತಾರೆ. ಅದು ಮುಟ್ಟನ್ನೇ ನಿಲ್ಲಿಸಬಹುದು, ಗಂಡಸರಲ್ಲಿ ವೀರ್ಯಾಣು ಕಮ್ಮಿ ಮಾಡಬಹುದು. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಸೇರಿ, ಅದರಲ್ಲಿದ್ದ ಅರಿಸ್ಟೊಲೋಕಿಕ್ ಆಮ್ಲದಿಂದ ಎಷ್ಟೋ ಹೆಂಗಸರ ಕಿಡ್ನಿ ಹಾಳಾಯಿತು. ಹೆಸರಿಲ್ಲದ ಪುಡಿ ಹಿಡಿದು ಯಾರಾದರೂ ಬಂದರೆ ಈ ಕತೆ ಹೇಳುತ್ತೇನೆ. ಗಿಡದ್ದು ಅಂದ ಮಾತ್ರಕ್ಕೆ ಸೈಡ್ ಎಫೆಕ್ಟ್ ಇರಲ್ಲ ಅನ್ನುವ ನಂಬಿಕೆ ಗಟ್ಟಿ ಇದೆ, ಒಂದು ಸಲಕ್ಕೆ ಅಲ್ಲಾಡುವುದಿಲ್ಲ.

ಇದಕ್ಕಿಂತ ಸಿಟ್ಟು ಬರಿಸುವುದು "ಮೊದಲು ಒಂದು ವರ್ಷ ನಮ್ಮ ಔಷಧ ತಗೊಳ್ಳಿ, ಐವಿಎಫ್ ಆಮೇಲೆ ನೋಡೋಣ" ಅನ್ನುವ ಮಾತು. 25ರ ಹುಡುಗಿಗೆ ಒಂದು ವರ್ಷ ಹೋದರೆ ದೊಡ್ಡ ನಷ್ಟ ಆಗದೇ ಇರಬಹುದು. 39ರ ಹೆಂಗಸಿಗೆ ಆ ವರ್ಷ ವಾಪಸ್ ಬರುವುದಿಲ್ಲ. ಎರಡೂ ಟ್ಯೂಬ್ (ಗರ್ಭನಾಳ) ಮುಚ್ಚಿದ್ದರೆ, ವೀರ್ಯದಲ್ಲಿ ವೀರ್ಯಾಣುವೇ ಇಲ್ಲದಿದ್ದರೆ ಯಾವ ಸೂಜಿಯೂ ಅದನ್ನು ಸರಿ ಮಾಡುವುದಿಲ್ಲ. ಪ್ರಯತ್ನ ಶುರು ಮಾಡಿ ಒಂದು ವರ್ಷ ಆಗಿದ್ದರೆ, 35 ದಾಟಿದ್ದರೆ ಆರು ತಿಂಗಳು ಆಗಿದ್ದರೆ, ಮೊದಲು ಇಬ್ಬರೂ ಟೆಸ್ಟ್ ಮಾಡಿಸಿಕೊಳ್ಳಬೇಕು. ಟೆಸ್ಟ್ ಆಗದವರನ್ನು ನಾನು ಫರ್ಟಿಲಿಟಿಗಾಗಿ ಅಂತ ತೆಗೆದುಕೊಳ್ಳುವುದೇ ಇಲ್ಲ.

ಅವರ ಐವಿಎಫ್ ಡಾಕ್ಟರಿಗೆ ಒಂದು ಪುಟದ ಪತ್ರ ಬರೆದು ಕೊಡುವುದು ನನ್ನ ಪದ್ಧತಿ. ಯಾವ ದಿನ, ಯಾವ ಬಿಂದು, ಔಷಧ ಏನೂ ಇಲ್ಲ. ಕೆಲವು ಡಾಕ್ಟರು ನೋಡಿ ನಗುತ್ತಾರಂತೆ, ಕೆಲವರು ಫೈಲಿಗೆ ಸೇರಿಸುತ್ತಾರೆ. ಬೇಡ ಅಂತ ಯಾರಾದರೂ ಹೇಳಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಇಬ್ಬರ ನಡುವೆ ರೋಗಿ ಸುಳ್ಳು ಹೇಳುವ ಸ್ಥಿತಿ ಬರಬಾರದು.

ಪಾಸಿಟಿವ್ ಬಂದವರು ಸ್ಕ್ಯಾನ್‌ನಲ್ಲಿ ಮಗುವಿನ ಹೃದಯ ಬಡಿತ ಕಾಣುವವರೆಗೆ ಬರುತ್ತಾರೆ, ಜಾಸ್ತಿ ನಿದ್ದೆಗೆ, ವಾಂತಿಗೆ. ನೆಗೆಟಿವ್ ಬಂದವರಿಗೆ ನಾನಾಗಿ ಫೋನ್ ಮಾಡುತ್ತೇನೆ, ಆದರೆ ಮುಂದಿನ ಅಪಾಯಿಂಟ್‌ಮೆಂಟ್ ಮಾತು ಎತ್ತುವುದಿಲ್ಲ. ಕೆಲವರು ಒಂದೆರಡು ತಿಂಗಳು ಬಿಟ್ಟು ಬರುತ್ತಾರೆ, ಮುಂದಿನ ಸೈಕಲ್‌ಗೆ ಅಲ್ಲ, ಸುಮ್ನೆ ನಿದ್ದೆ ಬರ್ತಿಲ್ಲ ಅಂತ. ಇನ್ನೊಂದು ಸೈಕಲ್ ಮಾಡಬೇಕಾ ಅಂತ ನನ್ನನ್ನೇ ಕೇಳುವವರೂ ಇದ್ದಾರೆ. ಅದಕ್ಕೆ ಎಷ್ಟು ಅಂಡಾಣು ಸಿಕ್ಕಿದ್ದವು, ಭ್ರೂಣ ಹೇಗಿತ್ತು, ವಯಸ್ಸೆಷ್ಟು, ಕೈಲಿ ದುಡ್ಡೆಷ್ಟಿದೆ ಅನ್ನುವ ಲೆಕ್ಕ ಬೇಕು. ಫೈಲು ತಗೊಂಡು ಡಾಕ್ಟರ ಹತ್ತಿರ ಇಬ್ಬರೂ ಒಟ್ಟಿಗೆ ಹೋಗಿ ಕೂತು ಮಾತಾಡಿ ಅಂತ ಕಳಿಸುತ್ತೇನೆ.