ಬಂದರಿನ ನೀರಲ್ಲಿ ಟಿಬಿಟಿ ಇದ್ಯಾ? ಬಸವನಹುಳ ಹಿಡಿದು ನೋಡಿ

ಹಡಗಿನ ತಳಕ್ಕೆ ಪಾಚಿ, ಚಿಪ್ಪುಜೀವಿ ಅಂಟ್ಕೋಬಾರ್ದು ಅಂತ ಬಳೀತಿದ್ದ ಪೇಂಟಲ್ಲಿ ಟ್ರೈಬ್ಯುಟೈಲ್‌ಟಿನ್, ಶಾರ್ಟಾಗಿ ಟಿಬಿಟಿ ಅನ್ನೋ ಕೆಮಿಕಲ್ ಇರ್ತಿತ್ತು. ಒಂದು ಲೀಟರ್ ನೀರಲ್ಲಿ ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲು ಇದ್ರೂ ಸಾಕು, ಕೆಲವು ಜಾತಿಯ ಹೆಣ್ಣು ಹುಳಕ್ಕೆ ಗಂಡಿನ ಅಂಗ ಬೆಳೆಯೋಕೆ ಶುರುವಾಗುತ್ತೆ, ಇದೇ ಇಂಪೋಸೆಕ್ಸ್. ಇಷ್ಟು ಕಮ್ಮಿ ಪ್ರಮಾಣನ ಲ್ಯಾಬಲ್ಲಿ ಅಳೆಯೋಕೆ ದುಬಾರಿ ಮೆಷಿನ್ ಬೇಕು, ಹುಳನ ನೋಡೋಕಾದ್ರೆ ಸ್ಕೇಲ್, ಮೈಕ್ರೋಸ್ಕೋಪ್ ಇದ್ರೆ ಆಯ್ತು.

ಮೊದಲು ಜಾತಿ ಆರಿಸ್ಕೊಳ್ಳಿ. ಯುರೋಪಲ್ಲಿ ಡಾಗ್ ವೆಲ್ಕ್ ಅನ್ನೋ ಸಮುದ್ರದ ಬಸವನಹುಳ ಬಳಸ್ತಾರೆ, ಯಾಕಂದ್ರೆ ಅದರ ಮರಿ ನೀರಲ್ಲಿ ತೇಲ್ಕೊಂಡು ಹೋಗಲ್ಲ, ಮೊಟ್ಟೆಯಿಂದ ಹೊರಬಂದ ಬಂಡೆ ಹತ್ರನೇ ಬೆಳೆಯುತ್ತೆ, ಸೋ ಅದು ಹೇಳೋದು ಆ ಜಾಗದ ಕಥೆನೇ. ಬಂದರಿನ ಹತ್ರ, ಸ್ವಲ್ಪ ದೂರ, ಇನ್ನೂ ದೂರ ಅಂತ ಬೇರೆ ಬೇರೆ ಕಡೆ ಬೆಳೆದ ಹುಳಗಳನ್ನ ಆರಿಸಿ, ಲೇಬಲ್ ಹಾಕಿ ಇಡಿ.

ಮೆಗ್ನೀಷಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿದ್ರೆ ಮೈ ಸಡಿಲ ಆಗುತ್ತೆ. ಇದನ್ನ ಬಿಡಬೇಡಿ, ಮುದುಡ್ಕೊಂಡಿರೋ ಹುಳನ ಅಳೆದ್ರೆ ಲೆಕ್ಕ ಪೂರ್ತಿ ಹಾಳು. ಆಮೇಲೆ ಚಿಪ್ಪಿನ ಎತ್ತರ ಅಳೆದು, ವೈಸಲ್ಲಿ ಮೆಲ್ಲಗೆ ಒಡೀರಿ.

ಈಗ ಗಂಡೋ ಹೆಣ್ಣೋ ಅಂತ ನೋಡ್ಬೇಕು. ಎಡವೋದು ಇಲ್ಲೇ. ಗಂಡಿನ ಅಂಗ ಇದೆ ಅಂತ ಗಂಡು ಅಂದ್ಕೋಬೇಡಿ, ಮೊಟ್ಟೆಗೆ ಕವಚ ಕಟ್ಟೋ ಕ್ಯಾಪ್ಸೂಲ್ ಗ್ರಂಥಿ ಇದ್ರೆ ಅದು ಹೆಣ್ಣೇ.

ಹೆಣ್ಣುಗಳ ಅಂಗದ ಸರಾಸರಿ ಉದ್ದದ ಘನನ ಗಂಡುಗಳ ಸರಾಸರಿಯ ಘನದಿಂದ ಭಾಗಿಸಿ 100ರಿಂದ ಗುಣಿಸಿ. ಹೆಣ್ಣಲ್ಲಿ 2 ಮಿಮೀ, ಗಂಡಲ್ಲಿ 4 ಮಿಮೀ ಇದ್ರೆ 8 ಭಾಗಿಸು 64, ಗುಣಿಸು 100, ಅಂದ್ರೆ 12.5. ಜೊತೆಗೆ ಹೆಣ್ಣಲ್ಲಿ ವೀರ್ಯನಾಳ ಎಷ್ಟು ಬೆಳೆದಿದೆ ಅಂತ 0ಯಿಂದ 6ರವರೆಗೆ ಅಂಕ ಕೊಡಿ, ನನ್ನ ಪ್ರಕಾರ ಇದೇ ಹೆಚ್ಚು ಕೆಲಸದ್ದು, ಯಾಕಂದ್ರೆ 5 ಮುಟ್ಟಿದ್ರೆ ಮೊಟ್ಟೆ ಹೊರಬರೋ ದಾರಿನೇ ಮುಚ್ಚಿಹೋಗಿ ಹೆಣ್ಣು ಬಂಜೆ ಆಗುತ್ತೆ.

ಬ್ರಿಟನ್ 1987ರಲ್ಲೇ 25 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಈ ಪೇಂಟ್ ನಿಲ್ಲಿಸ್ತು, ಹಡಗುಗಳ ಮೇಲಿನ ಅಂತಾರಾಷ್ಟ್ರೀಯ ನಿಷೇಧ ಜಾರಿಗೆ ಬಂದಿದ್ದು 2008ರಲ್ಲಿ. ಆದ್ರೂ ಕೆಸರಲ್ಲಿ ಕೂತಿರೋ ಟಿಬಿಟಿ ಬೇಗ ಹೋಗಲ್ಲ. ಒಮ್ಮೆ ಬೆಳೆದ ಅಂಗನೂ ವಾಪಸ್ ಹೋಗಲ್ಲ, ಹಾಗಾಗಿ ನೀರು ಈಚೆಗೆ ಸುಧಾರಿಸಿದ್ಯಾ ಅಂತ ತಿಳೀಬೇಕಿದ್ರೆ ಮುದಿ ಹುಳ ಬಿಟ್ಟು ಈಗಷ್ಟೇ ಬಲಿತಿರೋದನ್ನೇ ಹಿಡೀರಿ.