ನಿಧಾನವಾಗಿ ಬೆಳೆಯುವ ಮರಗಳನ್ನೇ ಯಾಕೆ ಸಾಕುತ್ತೇನೆ

ಸಸ್ಯೋದ್ಯಾನದಲ್ಲಿ ಉಷ್ಣವಲಯದ ಮರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿನ ಮರಗಳು ಎಷ್ಟು ಇಂಗಾಲ ಹಿಡಿದಿಟ್ಟಿವೆ ಎಂದು ತುಂಬಾ ಜನ ಕೇಳುತ್ತಾರೆ. ಕಾಡಿನ ಮುಂದೆ ಆ ಲೆಕ್ಕ ತೀರಾ ಚಿಕ್ಕದು. ಆದರೂ ಅಳೆಯುತ್ತೇನೆ, ಯಾವ ಮರದ ಬೀಜ ಉಳಿಸಬೇಕು ಅಂತ ಅದರಿಂದ ಗೊತ್ತಾಗುತ್ತದೆ.

ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತುತ್ತೇನೆ. ಬುಡದಲ್ಲಿ ಬೇರು ಹಲಗೆಯಂತೆ ಎದ್ದಿದ್ದರೆ ಏಣಿ ಹಾಕಿ, ಅದರ ಮೇಲೆ ಕಾಂಡ ದುಂಡಗಾದ ಕಡೆ ಅಳೆಯಬೇಕು. ಅಳೆದಲ್ಲಿ ಬಣ್ಣದ ಗೆರೆ ಹಾಕಿಡುತ್ತೇನೆ. ಮುಂದಿನ ವರ್ಷ ಟೇಪು ಒಂದು ಗೇಣು ಆಚೀಚೆಯಾದರೂ ಬೆಳವಣಿಗೆಯ ಲೆಕ್ಕ ಕೆಡುತ್ತದೆ. ವ್ಯಾಸ, ಎತ್ತರ, ಮರದ ಸಾಂದ್ರತೆ ಮೂರನ್ನೂ ಕಾಡಿನ ಮರಗಳ ತೂಕ ಅಂದಾಜಿಸಲು ವಿಜ್ಞಾನಿ ಜೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಕೊಟ್ಟ ಸೂತ್ರಕ್ಕೆ ಹಾಕುತ್ತೇನೆ. 50 ಸೆಂ.ಮೀ. ವ್ಯಾಸ, 25 ಮೀಟರ್ ಎತ್ತರ, ಸಾಂದ್ರತೆ ಘನ ಸೆಂ.ಮೀ.ಗೆ 0.6 ಗ್ರಾಂ ಇದ್ದರೆ ನೆಲದ ಮೇಲಿನ ಒಣತೂಕ ಸುಮಾರು 2 ಟನ್. ಅಷ್ಟೇ ಗಾತ್ರದ ಹಗುರ ಮರದ ಸಾಂದ್ರತೆ 0.3 ಆದರೆ ತೂಕ 1 ಟನ್ನಿಗೆ ಇಳಿಯುತ್ತದೆ. ಒಣತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ.

ಅಂದರೆ ಗಟ್ಟಿ ಮರಗಳೇ ಬೇಕು, ಅಲ್ವಾ? ಆದರೆ ಅವು ನಿಧಾನ. ಬೇಗ ಬೆಳೆದು ತೋರಿಸುವ ನಾಲ್ಕಾರು ಜಾತಿಗಳನ್ನೇ ಎಲ್ಲರೂ ನೆಡುತ್ತಾರೆ. ಜಗತ್ತಿನ ಸುಮಾರು 60,000 ಮರದ ಜಾತಿಗಳಲ್ಲಿ ಶೇ. 30ರಷ್ಟು ಅಳಿವಿನ ಅಂಚಿನಲ್ಲಿವೆ ಎಂದು ಸಸ್ಯೋದ್ಯಾನಗಳ ಅಂತರರಾಷ್ಟ್ರೀಯ ಸಂಸ್ಥೆ ಬಿಜಿಸಿಐ 2021ರಲ್ಲೇ ಹೇಳಿದೆ. ಇದನ್ನು ನೋಡಿಯೂ ಸುಮ್ನೆ ಕೂರಲು ನನ್ನಿಂದ ಆಗುವುದಿಲ್ಲ.

ಕಷ್ಟ ಇರುವುದು ಬೀಜದಲ್ಲಿ. ಧೂಪದ ಮರದ ಕುಟುಂಬದ ಎಷ್ಟೋ ಜಾತಿಗಳ ಬೀಜ ಒಣಗಿದರೆ ಸತ್ತೇ ಹೋಗುತ್ತದೆ. ಹಾಗಾಗಿ ಒಣಗಿಸಿ ಫ್ರೀಜರಿನಲ್ಲಿಡುವ ಬೀಜ ಬ್ಯಾಂಕು ಇವಕ್ಕೆ ಆಗಿಬರುವುದಿಲ್ಲ. ಇವು ಪ್ರತಿ ವರ್ಷ ಕಾಯಿ ಬಿಡುವುದೂ ಇಲ್ಲ. ಕಾಯಿ ಉದುರಿತು ಅಂದರೆ ಬೇರೆ ಕೆಲಸ ಬಿಟ್ಟು ಹೊರಡುತ್ತೇನೆ. ಹುಳ ಕೊರೆದದ್ದನ್ನು ಆರಿಸಿ ಬಿಸಾಕಿ, ಉಳಿದದ್ದನ್ನು ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ, ಗಾಳಿಯಾಡುವಂತೆ ತುಂಬಿ ತರುತ್ತೇನೆ. ಬಂದ ಕೂಡಲೇ, ಕಾಯಿಗೆ ರೆಕ್ಕೆಯಂಥ ಎಸಳುಗಳಿದ್ದರೆ ಮುರಿದು, ಬೀಜವನ್ನು ಅರ್ಧ ಮಾತ್ರ ಮಣ್ಣಿಗೆ ಒತ್ತಿ ನೆರಳಿನಲ್ಲಿಡುತ್ತೇನೆ. ಚೀಲದ ಮಣ್ಣಿಗೆ ತಾಯಿಮರದ ಬುಡದ ಮಣ್ಣನ್ನೂ ಒಂದಿಷ್ಟು ಬೆರೆಸುತ್ತೇನೆ. ಈ ಮರಗಳ ಬೇರಿಗೆ ಅಂಟಿ ಬದುಕುವ ಶಿಲೀಂಧ್ರ ಅದರಲ್ಲಿರುತ್ತದೆ. ಅದು ಬೇರಿಗೆ ನೀರು, ಪೋಷಕಾಂಶ ಒದಗಿಸುತ್ತದೆ.

ಒಂದೇ ಮರದ ಬೀಜದಿಂದ ನೂರು ಸಸಿ ಮಾಡುವುದು ಸುಲಭ, ಆದರೆ ನನಗದು ಬೇಡ. ದೂರ ದೂರದ ಹತ್ತಾರು ತಾಯಿಮರಗಳಿಂದ ಸ್ವಲ್ಪ ಸ್ವಲ್ಪ ತರುತ್ತೇನೆ. ಇಲ್ಲವಾದರೆ ಮುಂದಿನ ಪೀಳಿಗೆಯೆಲ್ಲ ಒಡಹುಟ್ಟಿದವೇ ಆಗುತ್ತವೆ. ತೋಟದಲ್ಲಿ ಹತ್ತಿರದ ಸಂಬಂಧದ ಜಾತಿಗಳನ್ನು ಅಕ್ಕಪಕ್ಕ ನೆಡುವುದನ್ನೂ ನಿಲ್ಲಿಸಿದ್ದೇನೆ, ಪರಾಗ ಬೆರೆತು ಬೀಜ ಮಿಶ್ರವಾದರೆ ಅದನ್ನು ಕಾಡಿಗೆ ಕೊಡುವಂತಿಲ್ಲ. ಈಗ ಕಾಡು ಬೆಳೆಸುವವರಿಗೆ ಸಸಿ ಕೊಡುವಾಗ ಪ್ರತಿಯೊಂದಕ್ಕೂ ತಾಯಿಮರದ ಸಂಖ್ಯೆಯ ಚೀಟಿ ಕಟ್ಟುತ್ತೇನೆ. ಯಾವ ತಾಯಿಯ ಮಕ್ಕಳು ಎಲ್ಲಿ ಬದುಕಿದವು, ಎಲ್ಲಿ ಸೊರಗಿದವು ಎಂದು ಅವರು ತಿಳಿಸಿದರೆ, ಮುಂದಿನ ಸಲ ಯಾವ ಮರದ ಕೆಳಗೆ ಬೀಜ ಆರಿಸಬೇಕು ಎಂದು ಅದರ ಮೇಲೆ ನಿರ್ಧರಿಸುತ್ತೇನೆ.